ಗೊರಕೆಗೂ ಒಂದು ಇತಿಹಾಸ

ಜೋರಾಗಿ ಗೊರಕೆ ಹೊಡೆಯುವವರನ್ನು ಕಂಡರೆ ನಮ್ಮ ಮಾಸ್ತಿಕಟ್ಟೆ ಕಡೆ ‘ಪುಣ್ಯಾತ್ಮ, ಎಂಥಾ ನಿದ್ದೆ’ ಅಂತಾರೆ. ಅದೇ ಪುಣ್ಯಾತ್ಮ ಹಗಲಲ್ಲಿ ತೂಕಡಿಸಿದರೆ ಸೋಮಾರಿ, ಕುಂಭಕರ್ಣ. ರಾತ್ರಿಯ ಗೊರಕೆ, ಹಗಲಿನ ತೂಕಡಿಕೆ ಎರಡಕ್ಕೂ ಬೇರು ಒಂದೇ ಇರಬಹುದು ಅನ್ನೋದು ವೈದ್ಯರಿಗೇ ಬಹಳ ಕಾಲ ಹೊಳೆದಿರಲಿಲ್ಲ.

ನಮಗೆ ಕುಂಭಕರ್ಣ ಇದ್ದ ಹಾಗೆ ಇಂಗ್ಲಿಷರಿಗೆ ಒಬ್ಬ ಜೋ ಇದ್ದ. ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಕಂತು ಕಂತಾಗಿ ಬರೆದ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯ ಆಳು ಹುಡುಗ. ದಪ್ಪಗಿದ್ದಾನೆ, ಹೊಟ್ಟೆಬಾಕ, ನಿಂತಲ್ಲೇ ನಿದ್ದೆ ಹೋಗ್ತಾನೆ, ಓದುಗರು ನಗ್ತಾರೆ. ಆ ನಗು ನೂರಿಪ್ಪತ್ತು ವರ್ಷ ನಡೀತು. 1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗರು ಒಬ್ಬ ಸ್ಥೂಲಕಾಯದ ರೋಗಿಯ ಬಗ್ಗೆ ಬರೆದಾಗ ಕಾಯಿಲೆಗೆ ‘ಪಿಕ್‌ವಿಕಿಯನ್ ಸಿಂಡ್ರೋಮ್’ ಅಂತಲೇ ಹೆಸರಿಟ್ಟರು. ಆ ರೋಗಿ ಇಸ್ಪೀಟು ಆಡ್ತಾ ಇದ್ದ. ಕೈಯಲ್ಲಿ ಮೂರು ಎಕ್ಕ, ಎರಡು ರಾಜ. ಅಂಥಾ ಎಲೆ ಹಿಡಿದುಕೊಂಡೇ ನಿದ್ದೆ ಹೋಗಿ ಆಟ ಕಳಕೊಂಡ. ಇನ್ನು ಆಸ್ಪತ್ರೆಗೆ ಹೋಗಲೇಬೇಕು ಅಂತ ಆಮೇಲೆ ಅನ್ನಿಸಿತು. ಹಗಲಿಡೀ ಪರೀಕ್ಷೆ ಮಾಡಿದ ವೈದ್ಯರು ಮೈಯಲ್ಲಿ ಇಂಗಾಲದ ಡೈ ಆಕ್ಸೈಡ್ ಸೇರಿಕೊಂಡಿದ್ದೇ ತೂಕಡಿಕೆಗೆ ಕಾರಣ ಅಂದರು. ಮಲಗಿದಾಗ ಏನಾಗುತ್ತೆ ಅಂತ ಪಕ್ಕದಲ್ಲಿ ಕೂತು ನೋಡಿದವರಿಲ್ಲ.

ನೋಡಿದ್ದು 1965ರಲ್ಲಿ. ಫ್ರಾನ್ಸಿನಲ್ಲಿ ಗಾಸ್ಟೋ ತಂಡ, ಜರ್ಮನಿಯಲ್ಲಿ ಯುಂಗ್ ಮತ್ತು ಕುಹ್ಲೊ ಬೇರೆ ಬೇರೆಯಾಗಿ ಇಂಥ ರೋಗಿಗಳ ನಿದ್ದೆಯಲ್ಲಿ ಮೆದುಳಿನ ಅಲೆಗಳನ್ನೂ ಉಸಿರನ್ನೂ ಒಟ್ಟಿಗೆ ದಾಖಲಿಸಿದರು. ಉಸಿರು ನಿಲ್ತಾ ಇತ್ತು! ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ದಾರಿ ಮುಚ್ಚುತ್ತೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತೆ, ಮೆದುಳು ಗಾಬರಿಯಿಂದ ಅರೆ ಎಚ್ಚರಗೊಂಡು ದಾರಿ ಬಿಡಿಸುತ್ತೆ. ಮಲಗಿದವನಿಗೆ ಗೊತ್ತೇ ಆಗಲ್ಲ. 1976ರಲ್ಲಿ ಸ್ಟ್ಯಾನ್‌ಫರ್ಡಿನ ಗಿಯೆಮಿನೊ ಮತ್ತು ಸಂಗಡಿಗರು ‘ಸ್ಲೀಪ್ ಆಪ್ನಿಯಾ’ ಅನ್ನುವ ಹೆಸರನ್ನು ನಿಲ್ಲಿಸಿದರು. ಸಣಕಲರಿಗೂ ಬರುತ್ತೆ ಅಂತ ಗೊತ್ತಾದ ಮೇಲೆ ಡಿಕನ್ಸನ ಹುಡುಗನನ್ನು ಬಿಟ್ಟುಕೊಡಲೇಬೇಕಾಯ್ತು.

ಆದರೆ ಚಿಕಿತ್ಸೆ? ಕುತ್ತಿಗೆಯ ಮುಂದೆ ಶ್ವಾಸನಾಳಕ್ಕೆ ತೂತು ಕೊರೆದು ಕೊಳವೆ ಇಡೋದು. ಹಗಲು ಬಿರಡೆ ಹಾಕಿ ಮಾತಾಡು, ರಾತ್ರಿ ತೆಗೆದು ಮಲಗು. 1980ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಅನ್ನುವ ವೈದ್ಯ ಬೇರೆ ದಾರಿ ಹಿಡಿದ. ವ್ಯಾಕ್ಯೂಮ್ ಕ್ಲೀನರ್ ಮೋಟರು, ಒಂದು ಕೊಳವೆ, ಮೂಗಿಗೆ ಅಂಟು ಹಾಕಿ ಕೂರಿಸುವ ಮಾಸ್ಕ್. ಗಾಳಿಯ ಒತ್ತಡದಿಂದಲೇ ಗಂಟಲನ್ನು ತೆರೆದಿಡೋದು, ಅಷ್ಟೇ. 1981ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅವರ ವರದಿಯಲ್ಲಿ ಇದ್ದಿದ್ದು ಬರೀ ಐದು ರೋಗಿಗಳು. ಇವತ್ತು ಸಿಪ್ಯಾಪ್ ಅಂತ ಕರೆಯೋ ಯಂತ್ರದ ಅಜ್ಜ ಅದು. ಎಂಜಿನಿಯರ್ ಆದ ನನಗೆ ಇಷ್ಟವಾಗೋದು ಅದರ ಲೆಕ್ಕ. ಒತ್ತಡ ಅಳೆಯೋದು ನೀರಿನ ಸೆಂಟಿಮೀಟರಿನಲ್ಲಿ. ಹತ್ತು ಅಂದರೆ, ಹತ್ತು ಸೆಂಟಿಮೀಟರ್ ನೀರು ನಿಂತ ಚೊಂಬಿನ ತಳದ ಮೇಲೆ ಬೀಳುವ ಒತ್ತಡ. ಮನುಷ್ಯನ ಸಿಟ್ಟು ಇಳಿಸೋಕೆ ಒಂದು ಚೊಂಬು ನೀರಿನ ಒತ್ತಡ ಸಾಕಾಗಬಹುದು ಅಂದರೆ ಯಾರು ನಂಬ್ತಾರೆ?

ನಮ್ಮ ದೊಡ್ಡಪ್ಪನ ವಿಷಯದಲ್ಲಿ ನಾನು ನಂಬಿದೆ. ಆಳುಗಳ ಮೇಲೆ ರೇಗೋದು, ಅಡಿಕೆ ಲೆಕ್ಕ ಎರಡೆರಡು ಸಲ ತಪ್ಪೋದು, ಆಟ ನೋಡೋಕೆ ಹೋದರೆ ಚಂಡೆ ಪೆಟ್ಟಿನ ನಡುವೆಯೂ ನಿದ್ದೆ. ಹುಲಿಕಲ್ ಘಾಟಿಯಲ್ಲಿ ಜೀಪು ಓಡಿಸೋದನ್ನು ದೊಡ್ಡಮ್ಮ ಅತ್ತು ನಿಲ್ಲಿಸಿದ್ದರು. ಪೇಟೆಯ ಒಬ್ಬ ವೈದ್ಯರು ಮನಸ್ಸಿನ ಬೇಸರ ಅಂತ ಮಾತ್ರೆ ಕೊಟ್ಟಿದ್ದರು. ನಿದ್ದೆ ಪರೀಕ್ಷೆ ಮಾಡಿಸಿದರೆ ಗಂಟೆಗೆ 41 ಸಲ ಉಸಿರಿಗೆ ಅಡ್ಡಿ. ಮೂವತ್ತು ದಾಟಿದರೇ ತೀವ್ರ ಅಂತಾರೆ. ಏಳು ಗಂಟೆ ಮಲಗಿದರೆ 287 ಸಲ; ಅದನ್ನು ನಿದ್ದೆ ಅಂತ ಯಾಕೆ ಕರೀಬೇಕು? ‘ಎಂತದಾ ಇದು, ಆನೆ ಸೊಂಡ್ಲು ಕಟ್ಟಿಕಂಡ್ ಮಲಗ್ಬೇಕಾ?’ ಅಂತ ಒಂದು ವಾರ ಜಗಳ. ಎರಡು ತಿಂಗಳಲ್ಲಿ ಮನೆಯ ಸದ್ದೇ ಬದಲಾಯ್ತು. ಸಿಟ್ಟು ಇಳಿದಿತ್ತು, ಬೆಳಗಾವರೆಗೆ ಆಟ ನೋಡಿ ಬಂದು ಅರ್ಥಗಾರಿಕೆಯ ತಪ್ಪು ಹುಡುಕ್ತಿದ್ದರು. ಹೆಸರು ಮರೆಯೋದು ಮಾತ್ರ ಹಾಗೇ ಉಳೀತು.

ಅಧ್ಯಯನಗಳ ಇತಿಹಾಸವೂ ಸುಮಾರು ಇದೇ ಕತೆ ಹೇಳುತ್ತೆ. 2012ರಲ್ಲಿ ಪ್ರಕಟವಾದ ಅಮೆರಿಕದ ‘ಆಪಲ್ಸ್’ ಅಧ್ಯಯನದಲ್ಲಿ ಸುಮಾರು 1,100 ಜನರಿಗೆ ಆರು ತಿಂಗಳು ಯಂತ್ರ ಕೊಟ್ಟರು. ಕೆಲವರದ್ದು ನಿಜವಾದ ಒತ್ತಡ, ಉಳಿದವರದ್ದು ಬರೀ ತೋರಿಕೆಯದು. ತೂಕಡಿಕೆ ಇಳಿಯಿತು. ಯೋಚನಾಶಕ್ತಿಯ ಮೂರು ಮುಖ್ಯ ಅಳತೆಗಳಲ್ಲಿ ಒಂದರಲ್ಲಿ ಮಾತ್ರ ಎರಡನೇ ತಿಂಗಳಲ್ಲಿ ಸ್ವಲ್ಪ ವ್ಯತ್ಯಾಸ ಕಂಡಿತು, ಆರನೇ ತಿಂಗಳಿಗೆ ಅದೂ ಇಲ್ಲ. 2016ರ ‘ಸೇವ್’ ಅಧ್ಯಯನದಲ್ಲಿ ಹೃದಯದ ಅಥವಾ ಮೆದುಳಿನ ರಕ್ತನಾಳದ ತೊಂದರೆ ಇದ್ದ 2,717 ಜನರಿದ್ದರು, ಭಾರತದವರೂ ಸೇರಿ. ಯಂತ್ರ ಹೃದಯಾಘಾತ, ಪಾರ್ಶ್ವವಾಯುಗಳನ್ನು ಕಡಿಮೆ ಮಾಡಲಿಲ್ಲ. ಮನಸ್ಸಿನ ಸ್ಥಿತಿ ಮಾತ್ರ ಸುಧಾರಿಸಿತು. ಅವರು ಮಾಸ್ಕ್ ಹಾಕಿದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಅರ್ಧ ರಾತ್ರಿಯ ಔಷಧಿಯಿಂದ ಪೂರ್ತಿ ಫಲ ಕೇಳೋದು ನ್ಯಾಯವಲ್ಲ ಅಂತ ನನ್ನ ವಾದ.

ನಗುವ ಚಾಳಿ ಮಾತ್ರ ಪೂರ್ತಿ ಹೋಗಿಲ್ಲ. ಸಿದ್ದರಾಮಯ್ಯನವರು ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗ ವೇದಿಕೆಯಲ್ಲಿ ತೂಕಡಿಸಿದ ಫೋಟೊಗಳು ಎಷ್ಟು ಓಡಾಡಿದವು! ತಮಗೆ ಸ್ಲೀಪ್ ಆಪ್ನಿಯಾ ಇದೆ ಅಂತ ಅವರೇ ಹೇಳಿದ್ದು ಅಷ್ಟು ಓಡಾಡಲಿಲ್ಲ.

ದೊಡ್ಡಪ್ಪನಿಗೆ ಈಗಿರುವ ತೊಂದರೆ ಬೇರೆ. ಘಟ್ಟದ ಕೆಳಗೆ ಹೊಸಂಗಡಿ ಹತ್ತಿರ ನೆಲದೊಳಗೆ 460 ಮೆಗಾವ್ಯಾಟಿನ ವಾರಾಹಿ ವಿದ್ಯುದಾಗಾರ ಇದೆ. ಅದಕ್ಕೆ ನೀರು ಕೊಡೋದು ನಮ್ಮ ಮಾಣಿ ಡ್ಯಾಮು. ಆದರೆ ಆಷಾಢದ ಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಮನೆಗೆ ಕರೆಂಟಿಲ್ಲ, ಸೊಂಡಿಲು ಸುಮ್ಮನಾಗುತ್ತೆ. ಎರಡು ರಾತ್ರಿ ಹಾಗೆ ಕಳೆದರೆ ಮೂರನೇ ದಿನ ಆಳುಗಳು ದೂರ ನಿಂತೇ ಮಾತಾಡ್ತಾರೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಒಟ್ಟುವ ಜೊತೆಗೆ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕೋದೂ ದೊಡ್ಡಮ್ಮನ ಕೆಲಸದ ಪಟ್ಟಿಗೆ ಸೇರಿದೆ. ಯಂತ್ರದೊಳಗಿನ ನೀರು ಬಿಸಿ ಮಾಡುವ ಹೀಟರ್ ಆಫ್ ಮಾಡಿದರೆ ಫ್ಯಾನಿಗಿಂತ ಕಡಿಮೆ ಕರೆಂಟು ಸಾಕು, ಬೆಳಗಿನವರೆಗೆ ಬರುತ್ತೆ.