ಮಗ್ದಲದ ಮರಿಯಳ ದನಿ

ಹ್ಯಾಂಡೆಲ್ ಎಂದೊಡನೆ ನಮಗೆ ನೆನಪಾಗುವುದು 1742ರ 'ಮೆಸ್ಸಾಯ'. ಅದಕ್ಕೂ 34 ವರ್ಷ ಮೊದಲು, 23ರ ಹರೆಯದಲ್ಲಿ, ಅವರು ರೋಮಿನಲ್ಲಿ 'ಲಾ ರೆಸುರೆಟ್ಸಿಯೋನೆ' ಅಂದರೆ 'ಪುನರುತ್ಥಾನ' ಎಂಬ ಒರೆಟೋರಿಯೊ ರಚಿಸಿದ್ದರು. ವೇಷ, ಅಭಿನಯಗಳಿಲ್ಲದೆ ವಾದ್ಯಮೇಳದೊಂದಿಗೆ ಹಾಡುವ ಧರ್ಮಕಥೆಯೇ ಒರೆಟೋರಿಯೊ.

1708ರ ಏಪ್ರಿಲ್ 8, ಪಾಸ್ಖ ಭಾನುವಾರ. ಮಾರ್ಕ್ವಿಸ್ ರುಸ್ಪೋಲಿಯವರ ಅರಮನೆಯಲ್ಲಿ ಇದರ ಮೊದಲ ಪ್ರಯೋಗ. ವಾದ್ಯಮೇಳದ ಮುಂದಾಳು ಖ್ಯಾತ ಪಿಟೀಲುವಾದಕ ಕೊರೆಲ್ಲಿ. ಮಗ್ದಲದ ಮರಿಯಳಾಗಿ ಹಾಡಿದವರು ಮಾರ್ಗರಿತಾ ದುರಸ್ತಾಂತಿ. ಆದರೆ ರೋಮಿನಲ್ಲಿ ಅಂದು ಸ್ತ್ರೀಯರು ಹೀಗೆ ಸಭೆಯಲ್ಲಿ ಹಾಡಲು ನಿರ್ಬಂಧವಿತ್ತು. ಪೋಪ್ ಹನ್ನೊಂದನೆಯ ಕ್ಲೆಮೆಂಟ್ ರುಸ್ಪೋಲಿಯವರನ್ನು ಆಕ್ಷೇಪಿಸಿದರು. ಮರುದಿನ ಆ ಪಾತ್ರವನ್ನು ಹಾಡಿದ್ದು ಒಬ್ಬ ಪುರುಷ ಗಾಯಕ!

ಎಂಥ ವಿಪರ್ಯಾಸ! ಸಂತ ಯೊವಾನ್ನರ ಶುಭಸಂದೇಶದ ಪ್ರಕಾರ, ಪುನರುತ್ಥಾನಗೊಂಡ ಪ್ರಭುವನ್ನು ಕಂಡು ಶಿಷ್ಯರಿಗೆ ಆ ವಾರ್ತೆ ಮುಟ್ಟಿಸಿದವಳು ಮರಿಯಳೇ.

ಧ್ವನಿಮುದ್ರಣಗಳು ಆ ದನಿಯನ್ನು ಹಿಂದಿರುಗಿಸಿವೆ. 1980ರ ದಶಕದ ಆರಂಭದಲ್ಲಿ ಕ್ರಿಸ್ಟೋಫರ್ ಹಾಗ್‌ವುಡ್ ಹಳೆಯ ಕಾಲದ ವಾದ್ಯಗಳೊಡನೆ ಇದನ್ನು ಮುದ್ರಿಸಿದಾಗ ಮರಿಯಳ ಪಾತ್ರ ಹಾಡಿದವರು ಪ್ಯಾಟ್ರಿಷಿಯಾ ಕ್ವೆಲ್ಲಾ. ಮುಂದೆ ಟಾನ್ ಕೂಪ್‌ಮನ್‌ರ ಮುದ್ರಣದಲ್ಲಿ ಬಾರ್ಬರಾ ಶ್ಲಿಕ್ ಹಾಡಿದರು. ಮೊದಲ ದಿನ ಅರಮನೆಯಲ್ಲಿ ಕೇಳಿದಂತೆ, ಇಲ್ಲಿ ಹೆಣ್ಣಿನ ಅಳಲು ಹೆಣ್ಣಿನ ಕೊರಳಿನಲ್ಲೇ ಆನಂದವಾಗಿ ಅರಳುತ್ತದೆ.

ಧರ್ಮಸಭೆಯೂ ಮುನ್ನಡೆದಿದೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಮರಿಯಳ ಸ್ಮರಣೆಯನ್ನು ಹಬ್ಬದ ದರ್ಜೆಗೇರಿಸಿದರು. ಪ್ರೇಷಿತರ ಆಚರಣೆಗಳಿಗಿರುವ ದರ್ಜೆಯೇ ಅದು.

ನಮ್ಮ ಮನೆಗಳಲ್ಲಿ, ಧರ್ಮಕೇಂದ್ರಗಳಲ್ಲಿ ಸುಮ್ಮನಿರಿಸಿದ ದನಿ ಯಾರದು? ಶುಭವಾರ್ತೆ ಆ ಕೊರಳಿನಿಂದಲೇ ಬರಬಹುದು. ಕಿವಿಗೊಡೋಣ.