26 ಡಾಲರ್ ಶಾಲೆ, 333 ಡಾಲರ್ ಶಾಲೆ

2024ರ ಕೊನೆ. ಆಸ್ಟಿನ್‌ಗೆ ಬಂದ ಹೊಸತು. ಒಂದು ಭಾನುವಾರ ಸಹೋದ್ಯೋಗಿಯೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಬಿಸಿಬೇಳೆಬಾತ್ ಮುಗಿಸಿ ಕೂತಾಗ ಟೇಬಲ್ ಮೇಲೆ ಎರಡು ಹಾಳೆಯ ಕಾಗದವೊಂದು ಕಣ್ಣಿಗೆ ಬಿತ್ತು. ಅವರ ಮಗಳು ಓದೋ ಸರ್ಕಾರಿ ಶಾಲೆಯ ಡಿಸ್ಟ್ರಿಕ್ಟ್, ಟೆಕ್ಸಾಸ್ ಶಾಸನಸಭೆಯ ಮುಂದೆ ಇಡೋ ಬೇಡಿಕೆಗಳ ಪಟ್ಟಿ ಅದು. ಪ್ರತಿ ಮಗುವಿಗೆ ಕೊಡೋ ಮೂಲ ಅನುದಾನ ಹೆಚ್ಚಿಸಿ, ಹಾಜರಾತಿ ಬದಲು ದಾಖಲಾತಿ ನೋಡಿ ದುಡ್ಡು ಕೊಡಿ, ನಮ್ಮ ತೆರಿಗೆ ಹಣ ಹೊರಗೆ ಹೋಗೋದನ್ನ ಕಡಿಮೆ ಮಾಡಿ... ಹೀಗೆ.

"ಶಾಲೆಯವರೂ ಲಾಬಿ ಮಾಡ್ತಾರಾ?" ಅಂತ ನಕ್ಕೆ. ಅವರು ನಗಲಿಲ್ಲ. "ಮಾಡದೇ ಇದ್ರೆ ಮೇಷ್ಟ್ರಿಗೆ ಸಂಬಳ ಎಲ್ಲಿಂದ ಬರತ್ತೆ?" ಅಂದ್ರು.

ಆ ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ಹುಡುಕುತ್ತಾ ಹೋದಾಗ ಸಿಕ್ಕಿದ ಕತೆ ಇದು.

ಮೊದಲು ಒಂದು ಮಾತು. ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದ್ರೆ ನಮ್ಮ ಜಿಲ್ಲೆಯ ಥರ ಅಲ್ಲ. ಶಾಲೆಗೆಂದೇ ಇರೋ ಪುಟ್ಟ ಸರ್ಕಾರ. ಅದಕ್ಕೆ ಚುನಾಯಿತ ಮಂಡಳಿ ಇರತ್ತೆ, ಮನೆ-ಜಮೀನಿನ ಮೇಲೆ ತೆರಿಗೆ ಹಾಕೋ ಅಧಿಕಾರ ಇರತ್ತೆ. ಟೆಕ್ಸಾಸ್ ಶಾಸನಸಭೆ ಸೇರೋದು ಎರಡು ವರ್ಷಕ್ಕೊಮ್ಮೆ, ಬೆಸ ವರ್ಷದ ಜನವರಿಯಿಂದ 140 ದಿನ. ಅಷ್ಟರೊಳಗೆ ಕೇಳಬೇಕು, ಇಲ್ಲಾಂದ್ರೆ ಮತ್ತೆ ಎರಡು ವರ್ಷ ಕಾಯಬೇಕು.

ಈಗ ಕತೆ. ಆಸ್ಟಿನ್‌ನಿಂದ ದಕ್ಷಿಣಕ್ಕೆ ಒಂದೂವರೆ ಗಂಟೆ ಹೋದ್ರೆ ಸ್ಯಾನ್ ಆಂಟೋನಿಯೋ. ನಮ್ಮವರೆಲ್ಲ ಅಲಾಮೋ ಕೋಟೆ ಮುಂದೆ ಫೋಟೋ ಹೊಡೆಸಿಕೊಂಡು ಬರೋ ಊರು (ನಾನೂ ಹೊಡೆಸಿಕೊಂಡಿದ್ದೆ!). ಅದರ ಪಶ್ಚಿಮದಲ್ಲಿ ಎಜ್‌ವುಡ್ ಅನ್ನೋ ಬಡ ಡಿಸ್ಟ್ರಿಕ್ಟ್. ಅಲ್ಲಿನ ಮಕ್ಕಳಲ್ಲಿ ನೂರಕ್ಕೆ ತೊಂಬತ್ತು ಮೆಕ್ಸಿಕನ್ ಮೂಲದವರು. 1968ರ ಮೇ ತಿಂಗಳಲ್ಲಿ ಎಜ್‌ವುಡ್ ಹೈಸ್ಕೂಲಿನ ಸುಮಾರು 400 ಮಕ್ಕಳು ತರಗತಿ ಬಿಟ್ಟು ಬೀದಿಗಿಳಿದರು. ನಮಗೆ ಸರಿಯಾದ ಕಟ್ಟಡ ಕೊಡಿ, ಅರ್ಹ ಶಿಕ್ಷಕರನ್ನು ಕೊಡಿ ಅನ್ನೋದಷ್ಟೇ ಅವರ ಬೇಡಿಕೆ.

ಡಿಸ್ಟ್ರಿಕ್ಟಿನ ಅಧಿಕಾರಿಗಳೇ ದುಡ್ಡು ಪೋಲು ಮಾಡ್ತಿದ್ದಾರೆ ಅಂತ ಅಪ್ಪ-ಅಮ್ಮಂದಿರಿಗೆ ಅನುಮಾನ. ವಕೀಲ ಆರ್ಥರ್ ಗೋಕ್‌ಮನ್ ಹತ್ತಿರ ಹೋದರು. ಅವರು ಲೆಕ್ಕ ಬಿಡಿಸಿದಾಗ ಗೊತ್ತಾಗಿದ್ದೇ ಬೇರೆ. ತಪ್ಪು ಇದ್ದದ್ದು ದುಡ್ಡು ಹಂಚೋ ಪದ್ಧತಿಯಲ್ಲಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬಗ್ ಇದ್ದದ್ದು ಕೋಡಿನಲ್ಲಲ್ಲ, ಡಿಸೈನಿನಲ್ಲೇ.

1967-68ರ ಲೆಕ್ಕ ನೋಡಿ. ಎಜ್‌ವುಡ್ ಜನ 100 ಡಾಲರ್ ಆಸ್ತಿಗೆ 1 ಡಾಲರ್ 5 ಸೆಂಟ್ ತೆರಿಗೆ ಕಟ್ಟಿ, ಪ್ರತಿ ಮಗುವಿಗೆ ಕೂಡಿಸಿದ್ದು ಬರೀ 26 ಡಾಲರ್. ಅದೇ ಊರಿನ ಶ್ರೀಮಂತ ಅಲಾಮೋ ಹೈಟ್ಸ್ ಡಿಸ್ಟ್ರಿಕ್ಟ್ 85 ಸೆಂಟ್ ಕಟ್ಟಿ ಕೂಡಿಸಿದ್ದು 333 ಡಾಲರ್! ರಾಜ್ಯ ಮತ್ತು ಕೇಂದ್ರದ ಹಣ ಸೇರಿಸಿದ ಮೇಲೂ 356 ಎದುರು 594. ಹೆಚ್ಚು ತೆರಿಗೆ ಕಟ್ಟಿದವರಿಗೇ ಕಡಿಮೆ ಶಾಲೆ... ಯಾಕಂದ್ರೆ ಅವರ ಮನೆಗಳಿಗೆ ಬೆಲೆ ಇರಲಿಲ್ಲ.

ಡಿಮೆಟ್ರಿಯೋ ರೋಡ್ರಿಗಸ್ ಅನ್ನೋ ಅಪ್ಪ ಕೆಲವು ಪೋಷಕರ ಜೊತೆ ಸೇರಿ 1968ರಲ್ಲೇ ಕೇಸು ಹಾಕಿದರು. ವಾಯುನೆಲೆಯಲ್ಲಿ ಲೋಹದ ತಗಡಿನ ಕೆಲಸ ಮಾಡ್ತಿದ್ದ ಮಾಜಿ ಸೈನಿಕ. 1971ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದರು. 1973ರ ಮಾರ್ಚ್ 21ರಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 5-4ರಿಂದ ಸೋತರು. ಶಿಕ್ಷಣ ನಮ್ಮ ಸಂವಿಧಾನ ಹೇಳಿದ ಮೂಲಭೂತ ಹಕ್ಕಲ್ಲ ಅಂತ ನ್ಯಾಯಮೂರ್ತಿ ಪೊವೆಲ್ ಬರೆದರು. ಥರ್ಗುಡ್ ಮಾರ್ಷಲ್ ಕಟುವಾಗಿ ಭಿನ್ನಮತ ಬರೆದರು.

ಇಲ್ಲಿ ನಾನು ಸ್ವಲ್ಪ ನಿಂತೆ. ಯಾಕಂದ್ರೆ ನಮ್ಮ ಸುಪ್ರೀಂ ಕೋರ್ಟ್ 1992ರಲ್ಲಿ ಇದಕ್ಕೆ ಉಲ್ಟಾ ಹೇಳಿತು, ಅದೂ ಕರ್ನಾಟಕದ್ದೇ ಕೇಸಿನಲ್ಲಿ. ಕ್ಯಾಪಿಟೇಶನ್ ಶುಲ್ಕದ ವಿರುದ್ಧದ ಮೋಹಿನಿ ಜೈನ್ ಪ್ರಕರಣದಲ್ಲಿ, ಬದುಕುವ ಹಕ್ಕಿನೊಳಗೇ ಶಿಕ್ಷಣದ ಹಕ್ಕೂ ಇದೆ ಅಂತ. ಮರುವರ್ಷ ಅದನ್ನ 14 ವರ್ಷದವರೆಗೆ ಅಂತ ಮಿತಿಗೊಳಿಸಿದರು. 2002ರಲ್ಲಿ ಅದು ಸಂವಿಧಾನಕ್ಕೂ ಸೇರಿತು. ಹಳ್ಳಿಯ ಸರ್ಕಾರಿ ಶಾಲೆ, ಆಮೇಲೆ ಸಿಇಟಿ ಸೀಟು, ಹೀಗೆ ಬಂದವನು ನಾನು. ನಮ್ಮೂರ ಜಮೀನಿನ ಬೆಲೆಗೂ ನಮ್ಮ ಮೇಷ್ಟ್ರ ಸಂಬಳಕ್ಕೂ ಸಂಬಂಧ ಇರಲಿಲ್ಲ, ರಾಜ್ಯದ ಖಜಾನೆಯಿಂದ ಬರ್ತಿತ್ತು. ಇದೊಂದು ದೊಡ್ಡ ವಿಷಯ ಅಂತ ಇಲ್ಲಿಗೆ ಬರೋವರೆಗೂ ಹೊಳೆದೇ ಇರಲಿಲ್ಲ.

ಎಜ್‌ವುಡ್ ಬಿಡಲಿಲ್ಲ. 1984ರಲ್ಲಿ ಈ ಸಲ ಟೆಕ್ಸಾಸ್ ಸಂವಿಧಾನ ಹಿಡಿದು ರಾಜ್ಯದ ಕೋರ್ಟಿಗೆ ಹೋಯಿತು. 1989ರ ಅಕ್ಟೋಬರಿನಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎಜ್‌ವುಡ್ ಪರ. ಅತಿ ಶ್ರೀಮಂತ ಮತ್ತು ಅತಿ ಬಡ ಡಿಸ್ಟ್ರಿಕ್ಟಿನ ನಡುವೆ ಮಗುವಿಗೆ ಇಷ್ಟು ಅಂತ ಲೆಕ್ಕ ಹಾಕಿದ ಆಸ್ತಿಯ ಅಂತರ ಆಗ 700ಕ್ಕೆ 1! ಶಾಸನಸಭೆ ಒದ್ದಾಡಿ 1993ರಲ್ಲಿ ಕಾನೂನು ಮಾಡಿತು. ಆಸ್ತಿ ಹೆಚ್ಚಿರೋ ಡಿಸ್ಟ್ರಿಕ್ಟ್ ತನ್ನ ತೆರಿಗೆಯ ಒಂದು ಪಾಲು ಬಿಟ್ಟುಕೊಡಬೇಕು. ಜನ ಇಟ್ಟ ಹೆಸರು ರಾಬಿನ್ ಹುಡ್.

ಕತೆ ಇಲ್ಲಿಗೆ ಸುಖಾಂತ ಅಂದುಕೊಂಡ್ರಾ? ಸಾಫ್ಟ್‌ವೇರ್ ಕಂಪನಿಗಳು ಬಂದು ಆಸ್ಟಿನ್‌ನ ಮನೆಗಳ ಬೆಲೆ ಗಗನಕ್ಕೇರಿತು. ಇಲ್ಲಿನ ಶಾಲಾ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಬಡ ಮನೆಯವರು. ಆದ್ರೂ ಕಾಗದದ ಮೇಲೆ ಡಿಸ್ಟ್ರಿಕ್ಟ್ ಶ್ರೀಮಂತ. 2010ರ ದಶಕದ ಕೊನೆಗೆ ಇಡೀ ರಾಜ್ಯದಲ್ಲೇ ಅತಿ ಹೆಚ್ಚು ರಾಬಿನ್ ಹುಡ್ ಹಣ ಕಟ್ಟುತ್ತಿದ್ದದ್ದು ಆಸ್ಟಿನ್! ಆ ಹಣದಿಂದ ರಾಜ್ಯ ತಾನು ಹಾಕಬೇಕಾದ ಪಾಲು ಉಳಿಸಿಕೊಳ್ಳತ್ತೆ ಅನ್ನೋದು ದೂರು. ಸಹೋದ್ಯೋಗಿಯ ಟೇಬಲ್ ಮೇಲಿದ್ದ ಪಟ್ಟಿಯ ಮೂರನೇ ಸಾಲು ಇದೇ. ಆ ಬೆಲೆ ಏರಿಸಿದ್ದರಲ್ಲಿ ನನ್ನಂಥವರ ಬಾಡಿಗೆಯದ್ದೂ ಪಾಲಿದೆ ಅಲ್ವಾ?

ಮೊದಲನೇ ಸಾಲಿನ ಕತೆ ಏನಾಯಿತು ಗೊತ್ತಾ? 2019ರಲ್ಲಿ ಮೂಲ ಅನುದಾನ ಮಗುವಿಗೆ 6,160 ಡಾಲರ್ ಆಗಿತ್ತು. 2023ರಲ್ಲಿ ಒಂದು ಪೈಸೆಯೂ ಏರಲಿಲ್ಲ. 2025ರಲ್ಲಿ ಶಿಕ್ಷಕರ ಸಂಬಳ, ಇತ್ಯಾದಿಗೆ ಬೇರೆ ಹಣ ಕೊಟ್ಟರೂ ಮೂಲ ಅನುದಾನಕ್ಕೆ ಸೇರಿದ್ದು 55 ಡಾಲರ್. ಆ ಕಾಗದ ನೋಡಿ ನಕ್ಕಿದ್ದಕ್ಕೆ ಈಗ ನಾಚಿಕೆಯಾಗತ್ತೆ.

ರೋಡ್ರಿಗಸ್ 2013ರಲ್ಲಿ ತೀರಿಕೊಂಡರು. ಕೇಸು ಹಾಕಿದಾಗ ಶಾಲೆಯಲ್ಲಿದ್ದ ಅವರ ಮಕ್ಕಳು 1989ರ ತೀರ್ಪು ಬರೋ ಹೊತ್ತಿಗೆ ದೊಡ್ಡವರಾಗಿಬಿಟ್ಟಿದ್ದರು. ಅಪ್ಪ ಗೆಲ್ಲೋ ಹೊತ್ತಿಗೆ ಮಕ್ಕಳ ಶಾಲೆ ಮುಗಿದೇ ಹೋಗಿತ್ತು.

ನೀವು ಓದಿದ ಶಾಲೆಗೆ ದುಡ್ಡು ಎಲ್ಲಿಂದ ಬರ್ತಿತ್ತು ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಗೊತ್ತಿದ್ದರೆ ಬರೀರಿ, ಓದೋಕೆ ಕಾಯ್ತಿರ್ತೀನಿ.