ಘಟ್ಟದ ತಪ್ಪಲಿನ ಸರಕುದಾರಿಗಳೂ ಆಪತ್ಕಾಲದ ಸಂಗ್ರಹವೂ

ಪುತ್ತೂರು, ಸುಳ್ಯ, ಮತ್ತು ಆ ಎರಡರ ಗ್ರಾಮಗಳಿಂದ ಈಚೆಗೆ ರಚಿತವಾದ ಕಡಬ, ಈ ಮೂರು ತಾಲ್ಲೂಕುಗಳು ಸಹ್ಯಾದ್ರಿಯ ಪಶ್ಚಿಮ ತಪ್ಪಲಿನಲ್ಲಿರುವುವು. ಕರಾವಳಿಗೂ ಘಟ್ಟದ ಮೇಲಣ ಸೀಮೆಗೂ ನಡುವೆ ಸರಕು ಸಾಗುವುದು ಇವುಗಳ ಆಸುಪಾಸಿನಲ್ಲಿಯೇ ಆದುದರಿಂದ, ದಾರಿಗಳನ್ನು ಬಿಟ್ಟು ಇಲ್ಲಿನ ಚರಿತ್ರೆಯನ್ನು ಬರೆಯುವುದು ಶಕ್ಯವಲ್ಲ.

ಪೂರ್ವದಲ್ಲಿ ಈ ಸೀಮೆಯ ಧಾನ್ಯವು ಅಕ್ಕಿಮುಡಿಯ ರೂಪದಲ್ಲಿರುತ್ತಿದ್ದಿತು. ಬೈಹುಲ್ಲಿನಿಂದ ಬಿಗಿದು ಕಟ್ಟಿದ ಮುಡಿಯು ಅಳತೆಯೂ ಹೌದು, ಹೊರೆಯೂ ಹೌದು. ದಾರಿ ಕೆಡುವ ಆಟಿಯ ಮಳೆಗಾಲಕ್ಕೆ ಮನೆಯ ಸಂಚಯವೂ ಹೌದು. 1834ರಲ್ಲಿ ಕೊಡಗು ಆಂಗ್ಲರ ವಶವಾಗಲು, ಅಮರ ಸುಳ್ಯ ಮೊದಲಾದ ಮಾಗಣೆಗಳು ಕೆನರಾ ಜಿಲ್ಲೆಗೆ ಸೇರಿದುವು. ಅದುವರೆಗೆ ವಸ್ತುರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಲಾಯಿತು. ಧಾನ್ಯವನ್ನು ಪೇಟೆಗೆ ಸಾಗಿಸಿ ಹಣ ಮಾಡುವ ಹೊಣೆಯು ರೈತನ ಮೇಲೆ ಬಿದ್ದಿತು. 1837ರಲ್ಲಿ ಸುಳ್ಯದಿಂದ ಹೊರಟು ಬೆಳ್ಳಾರೆ, ಪುತ್ತೂರುಗಳ ಮಾರ್ಗವಾಗಿ ಮಂಗಳೂರನ್ನು ಮುಟ್ಟಿದ ದಂಗೆಗೆ ಇದೂ ಒಂದು ಕಾರಣವಾಗಿದ್ದಿತು. ಮನೆಯ ಮುಡಿಯನ್ನು ಮಾರಿದವನಿಗೆ ಆಪತ್ಕಾಲದಲ್ಲಿ ಪೇಟೆಯೇ ಗತಿ. ಪೇಟೆಗೆ ದಾರಿಯೇ ಗತಿ.

ಆ ದಾರಿಯೇ ಮುರಿದರೆ ಏನಾಗುವುದೆಂಬುದು 2018ರ ಆಗಸ್ಟ್ ತಿಂಗಳಿನಲ್ಲಿ ವಿದಿತವಾಯಿತು. ಜೋಡುಪಾಲದಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಯಿತು. ಮನೆ ಕಳೆದುಕೊಂಡವರು ಘಟ್ಟವನ್ನೇರಲಾರದೆ ಸುಳ್ಯದ ಕಡೆಗೆ ಇಳಿದರು. ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಅವರಿಗೆ ಆಶ್ರಯ ದೊರೆಯಿತು.

ಒಂದು ದಾರಿ ಮುಚ್ಚಿದರೆ ಮತ್ತೊಂದುಂಟಲ್ಲವೇ ಎಂಬುದು ಪೂರ್ವಪಕ್ಷ. ಅದು ನಿಲ್ಲಲಾರದು. ಅದೇ ತಿಂಗಳು ಶಿರಾಡಿ ಘಟ್ಟದ ರಸ್ತೆಯೂ, 57 ಸುರಂಗಗಳುಳ್ಳ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗವೂ ಭೂಕುಸಿತದಿಂದ ಮುಚ್ಚಿದುವು. 2024ರ ಜುಲೈಯಲ್ಲಿಯೂ ಯಡಕುಮೇರಿ–ಕಡಗರವಳ್ಳಿಗಳ ನಡುವೆ ಮಣ್ಣು ಜರಿದು ರೈಲು ನಿಂತಿತು. ಒಂದೇ ಗಿರಿಪಂಕ್ತಿಯ ಮೇಲೆ ಒಂದೇ ಮಳೆ ಸುರಿಯುವಾಗ, ಈ ದಾರಿಗಳು ಒಂದಕ್ಕೊಂದು ಬದಲಿಯಾಗಲಾರವು.

ಹಾಗಾದರೆ ಗತಿಯೇನು? ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರದ ಅರ್ಧವನ್ನು ಜನಪದದ ಆಪತ್ತಿಗೆಂದು ತೆಗೆದಿರಿಸಿ, ಉಳಿದರ್ಧವನ್ನು ಬಳಸತಕ್ಕದ್ದೆಂದೂ, ಹಳೆಯದರ ಎಡೆಯಲ್ಲಿ ಹೊಸದನ್ನು ತುಂಬುತ್ತಿರತಕ್ಕದ್ದೆಂದೂ ವಿಧಿಯಿದೆ. ಆಪತ್ತು ಬಂದ ಮೇಲೆ ಸಾಗಿಸುವುದಲ್ಲ, ಬರುವ ಮುನ್ನ ಇರಿಸುವುದೇ ಪರಿಹಾರದ ಮೂಲವೆಂಬುದು ಇದರ ತಾತ್ಪರ್ಯ. ಮುಡಿಕಟ್ಟಿದ ಮನೆಗಳಿಗೆ ಶಾಸ್ತ್ರವಿಲ್ಲದೆಯೇ ತಿಳಿದಿದ್ದ ಈ ನೀತಿಯು ಇಂದಿಗೂ ಸಲ್ಲುವುದು. ಘಟ್ಟದ ಮೇಲೊಂದು, ಕೆಳಗೊಂದು ಉಗ್ರಾಣವು ಮಳೆಗೆ ಮೊದಲೇ ತುಂಬಿದ್ದರೆ, ದಾರಿ ಮುರಿದರೂ ಅನ್ನ ಮುರಿಯದು.